ಕಾರಿನಲ್ಲಿ ಎಷ್ಟು ಜನ, ಕೂಸಿಗೆ ಎಲ್ಲಿ ಜಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಕೂಸು ಬಂದ ಮೇಲೆ ಕಾರು ಚಿಕ್ಕದಾಗುತ್ತದೆ. ನಿನ್ನೆ ಮೊನ್ನೆಯವರೆಗೆ ಐದು ಜನ ನಿರಾಯಾಸವಾಗಿ ಹೋಗಿಬರುತ್ತಿದ್ದ ಗಾಡಿಯಲ್ಲಿ ಈಗ ಯಾರು ಎಲ್ಲಿ ಕೂರಬೇಕು ಎಂಬುದೇ ದೊಡ್ಡ ಚರ್ಚೆ. ಕಾರಿನ ಸೀಟಿನ ಮೇಲೆ ಕಟ್ಟಿ ಕೂರಿಸುವ ಮಗುವಿನ ಸೀಟು ಯಾವುದು ಕೊಳ್ಳಲಿ, ಹೇಗೆ ಕಟ್ಟಲಿ ಎಂದು ಕೇಳುವವರು ಬಹಳ. ಆದರೆ ತೊಂದರೆ ಶುರುವಾಗುವುದು ಅದಕ್ಕೂ ಮೊದಲು, ತಲೆ ಎಣಿಸುವಾಗ. ಎಣಿಕೆಯಲ್ಲಿ ಮಗುವನ್ನು ಬಿಟ್ಟರೆ ಕೊನೆಗೆ ಅದಕ್ಕೆ ಸಿಗುವುದು ಯಾರದೋ ತೊಡೆ. ಹಾಗಾಗಿ ಎಣಿಕೆಯಿಂದಲೇ ಆರಂಭಿಸೋಣ. ಇಲ್ಲಿ ಹೇಳಿರುವುದೆಲ್ಲ ಹುಟ್ಟಿದ ದಿನದಿಂದ ಸುಮಾರು ಎರಡು ವರ್ಷದವರೆಗಿನ ಮಕ್ಕಳಿಗೆ.

ಹಾಲು ಕುಡಿಯುವ ಕೂಸನ್ನೂ ಒಬ್ಬ ಪ್ರಯಾಣಿಕ ಎಂದು ಎಣಿಸಬೇಕಾ?

ಹೌದು, ಪೂರ್ತಿ ಒಬ್ಬರೆಂದೇ ಎಣಿಸಿ. ಮಗುವಿನ ತೂಕ ಮೂರು ಕೆ.ಜಿ. ಇದ್ದರೂ ಅದರ ಸೀಟಿಗೆ ಬೇಕಾದ ಅಗಲ ದೊಡ್ಡವರಿಗೆ ಬೇಕಾದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಬಸ್ಸು, ರೈಲುಗಳಲ್ಲಿ ಎಳೆ ಮಕ್ಕಳಿಗೆ ಟಿಕೆಟ್ ಕೇಳುವುದಿಲ್ಲ; ಆ ಅಭ್ಯಾಸವನ್ನು ನಾವು ಹಾಗೆಯೇ ಕಾರಿಗೂ ತಂದುಬಿಟ್ಟಿದ್ದೇವೆ. ಟಿಕೆಟ್ ಬೇಡದಿರುವುದು ಬೇರೆ, ಜಾಗ ಬೇಡದಿರುವುದು ಬೇರೆ.

ಕಾನೂನು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಒಂದು ಕಡೆ ನೋಂದಣಿ ಪತ್ರದಲ್ಲಿ ಬರೆದಿರುವ ಆಸನಗಳ ಸಂಖ್ಯೆಯೇ ಮಿತಿ, ಇನ್ನೊಂದು ಕಡೆ ಬೆಲ್ಟುಗಳ ಸಂಖ್ಯೆ. ಆಸನಗಳ ಸಂಖ್ಯೆ ಎಂದರೆ ಚಾಲಕರೂ ಸೇರಿ ಎಂಬುದನ್ನು ಮರೆಯುವವರು ಕಡಿಮೆಯೇನಿಲ್ಲ. ಗೊಂದಲವಿದ್ದರೆ ಕೆಲಸ ಮಾಡುತ್ತಿರುವ ಸೀಟ್‌ಬೆಲ್ಟ್‌ಗಳನ್ನು ಎಣಿಸಿ. ಬಕಲ್ ಸೀಟಿನ ಸಂದಿಯಲ್ಲಿ ಹೂತುಹೋಗಿದ್ದರೆ, ಬೆಲ್ಟ್ ಎಳೆದರೂ ಬಾರದಿದ್ದರೆ, ಆ ಜಾಗ ಎಣಿಕೆಗಿಲ್ಲ. ಮಗು ಸೇರಿ ಒಟ್ಟು ಜನ ಆ ಸಂಖ್ಯೆಯನ್ನು ಮೀರಿದರೆ ಎರಡನೇ ಗಾಡಿ ಬೇಕು, ಇಲ್ಲವೇ ಇದೇ ಗಾಡಿ ಎರಡು ಸಲ ಹೋಗಿಬರಬೇಕು.

ಐದು ಸೀಟಿನ ಕಾರಿನಲ್ಲಿ ಮಗುವಿನ ಜೊತೆ ನಿಜವಾಗಿ ಎಷ್ಟು ಜನ ಹೋಗಬಹುದು?

ಕಾಗದದ ಮೇಲೆ ನಾಲ್ವರು ದೊಡ್ಡವರು ಮತ್ತು ಒಂದು ಮಗು. ಸಣ್ಣ ಕಾರಾದರೆ ನಾನು ಮೂವರು ದೊಡ್ಡವರು, ಒಂದು ಮಗು ಎಂದೇ ಹೇಳುತ್ತೇನೆ.

ಕಾರಣ ಸರಳ. ಮಗುವಿನ ಸೀಟು ಸಾಮಾನ್ಯವಾಗಿ 44 ಸೆಂ.ಮೀ. ಆಸುಪಾಸು ಅಗಲ ಇರುತ್ತದೆ. ಅದನ್ನು ಹಿಂದಿನ ಸಾಲಿನ ಒಂದು ಬದಿಗೆ ಕಟ್ಟಿದ ಮೇಲೆ ಉಳಿಯುವ ಜಾಗದಲ್ಲಿ ಇಬ್ಬರು ದೊಡ್ಡವರು ಭುಜಕ್ಕೆ ಭುಜ ತಾಗಿಸಿ ಕೂರಬೇಕು. ಕೂರುವುದೇನೋ ಕೂತಾರು, ಆದರೆ ನಡುವಿನವರ ಬಕಲ್ ಮಗುವಿನ ಸೀಟಿನ ಅಡಿಗೆ ಸಿಕ್ಕಿಕೊಂಡಿರುತ್ತದೆ. ಕೈ ತೂರಿಸಲು ಹತ್ತು ಸಲ ನೋಡಿ, ‘ಇರಲಿ ಬಿಡು, ಇಲ್ಲೇ ಹತ್ತಿರ’ ಎಂದು ಬೆಲ್ಟ್ ಹಾಕದೆ ಹೊರಡುತ್ತಾರೆ. ಡಿಕ್ಕಿಯಾದಾಗ ಬೆಲ್ಟಿಲ್ಲದ ಆ ವ್ಯಕ್ತಿ ಪಕ್ಕದಲ್ಲಿ ಸರಿಯಾಗಿ ಕಟ್ಟಿ ಕೂರಿಸಿದ ಮಗುವಿನ ಮೇಲೆಯೇ ಅಪ್ಪಳಿಸಬಹುದು. ಹೀಗಾಗಿ ಹೊರಡುವ ಹಿಂದಿನ ದಿನ ಎಲ್ಲರನ್ನೂ ಒಮ್ಮೆ ಕೂರಿಸಿ, ಪ್ರತಿಯೊಂದು ಬಕಲ್ ‘ಟಕ್’ ಅನ್ನುತ್ತದೆಯೇ ನೋಡಿ.

ಇನ್ನೊಂದು ಲೆಕ್ಕವನ್ನು ಯಾರೂ ಮೊದಲೇ ಹಾಕುವುದಿಲ್ಲ. ಹಿಂದಕ್ಕೆ ಮುಖ ಮಾಡಿದ, ಅಂದರೆ ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂತೆ ಕಟ್ಟುವ ಸೀಟಿಗೆ ಉದ್ದದ ಜಾಗವೂ ಬೇಕು. ಅದರ ಮುಂದಿರುವ ಸೀಟನ್ನು ಮುಂದಕ್ಕೆ ಸರಿಸಬೇಕಾಗುತ್ತದೆ. ಅದು ಚಾಲಕರ ಸೀಟಾದರೆ, ಅವರು ಎತ್ತರದ ಆಳಾದರೆ, ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿಸಿಕೊಂಡು ಓಡಿಸುವ ಸ್ಥಿತಿ. ಚಾಲಕರ ಎದೆಗೂ ಸ್ಟೀರಿಂಗ್‌ಗೂ ಕನಿಷ್ಠ 25 ಸೆಂ.ಮೀ. ಅಂತರ ಉಳಿಯಬೇಕು. ಉಳಿಯದಿದ್ದರೆ ಮಗುವಿನ ಸೀಟನ್ನು ಇನ್ನೊಂದು ಬದಿಗೆ ಹಾಕಿ, ಅದರ ಮುಂದೆ ಕುಳ್ಳಗಿರುವವರನ್ನು ಕೂರಿಸಿ.

ನಾನು ಗಟ್ಟಿಯಾಗಿ ತಬ್ಬಿ ಹಿಡಿದುಕೊಂಡಿರುತ್ತೇನೆ. ತೊಡೆ ಮೇಲೆ ಕೂರಿಸಿಕೊಂಡರೆ ಏನಾಗುತ್ತದೆ?

ಈ ಪ್ರಶ್ನೆಗೆ ಉತ್ತರ ಉದ್ದವಾಗುತ್ತದೆ, ಏಕೆಂದರೆ ಉಳಿದೆಲ್ಲ ಉತ್ತರಗಳೂ ಇದರ ಮೇಲೇ ನಿಂತಿವೆ.

ಗಂಟೆಗೆ 50 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಲ್ಲಿ ಕಾರು ಗೋಡೆಗೋ ಮರಕ್ಕೋ ಗುದ್ದಿತು ಎನ್ನಿ. ಮುಂಭಾಗ ಅರ್ಧ ಮೀಟರಿನಷ್ಟು ನುಜ್ಜಾಗಿ ಕಾರು ನಿಲ್ಲುತ್ತದೆ ಎಂದುಕೊಂಡರೆ, ಇಡೀ ಘಟನೆ ಮುಗಿಯಲು ಬೇಕಾಗುವ ಸಮಯ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟರೊಳಗೆ ಮಗುವಿನ ವೇಗವೂ ಸೊನ್ನೆಗೆ ಇಳಿಯಬೇಕು. ಇಳಿಸಲು ಬೇಕಾದ ಬಲ ಮಗುವಿನ ತೂಕದ ಸುಮಾರು 20 ಪಟ್ಟು. ಏಳು ಕೆ.ಜಿ. ಮಗು ನಿಮ್ಮ ಕೈಯಲ್ಲಿ ಆ ಗಳಿಗೆಗೆ 140 ಕೆ.ಜಿ. ಭಾರವಾಗುತ್ತದೆ, ಅದೂ ಸರಾಸರಿ ಲೆಕ್ಕದಲ್ಲಿ. ಪ್ರೀತಿಗೂ ತೋಳಿನ ಕಸುವಿಗೂ ಇದರಲ್ಲಿ ಪಾತ್ರವಿಲ್ಲ. ಏನಾಯಿತು ಎಂದು ಮೆದುಳಿಗೆ ಗೊತ್ತಾಗಿ ಕೈ ಬಿಗಿಯಾಗುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಬೇರೆ ರೀತಿಯಲ್ಲಿ ಹೇಳುವುದಾದರೆ, 50 ಕಿ.ಮೀ. ವೇಗದ ಡಿಕ್ಕಿಯಲ್ಲಿ ದೇಹಕ್ಕಿರುವ ವೇಗ ಹತ್ತು ಮೀಟರ್ ಎತ್ತರದಿಂದ ಬಿದ್ದಾಗ ನೆಲ ಮುಟ್ಟುವ ವೇಗದಷ್ಟೇ. ಹತ್ತು ಮೀಟರ್ ಎಂದರೆ ಸುಮಾರು ಮೂರನೇ ಮಹಡಿಯ ಎತ್ತರ.

ಹಿಡಿದುಕೊಂಡವರೇ ಬೆಲ್ಟ್ ಹಾಕಿಲ್ಲದಿದ್ದರೆ ಇನ್ನೂ ಕೆಟ್ಟದು. ಅವರ ದೇಹವೂ ಮುಂದಕ್ಕೆ ಚಿಮ್ಮುತ್ತದೆ. ಎದುರಿನ ಸೀಟು ಮತ್ತು ಅವರ ಎದೆಯ ನಡುವೆ ಮಗು ಸಿಕ್ಕಿಕೊಳ್ಳುತ್ತದೆ. ಸರಿಯಾದ ಸೀಟಿನಲ್ಲಿ ಸರಿಯಾಗಿ ಕಟ್ಟಿ ಕೂರಿಸಿದರೆ ಹಸುಗೂಸುಗಳ ಸಾವಿನ ಸಾಧ್ಯತೆ ಸುಮಾರು ಶೇ 70ರಷ್ಟು ತಗ್ಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 

ನನ್ನ ಸೀಟ್‌ಬೆಲ್ಟನ್ನೇ ಮಗುವಿಗೂ ಸೇರಿಸಿ ಹಾಕಿಕೊಂಡರೆ? ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿ ಇಟ್ಟುಕೊಂಡರೆ?

ಎರಡೂ ಬೇಡ. ಒಂದೇ ಬೆಲ್ಟಿನೊಳಗೆ ಇಬ್ಬರಿದ್ದರೆ, ಹಿಂದಿರುವ ದೊಡ್ಡ ದೇಹದ ಪೂರ್ತಿ ಭಾರ ಮಗುವನ್ನು ಬೆಲ್ಟಿಗೆ ಒತ್ತಿ ಹಿಂಡುತ್ತದೆ. ಮಗು ಹೊರಗೆ ಎಸೆಯಲ್ಪಡದಂತೆ ತಡೆಯಲು ಹೋಗಿ ಒಳಗೇ ಜಜ್ಜಿದ ಹಾಗೆ. ಎದೆಗೆ ಕಟ್ಟುವ ಚೀಲ, ಜೋಳಿಗೆ, ಬಟ್ಟೆಯ ಸುತ್ತು ಇವೆಲ್ಲ ನಡೆದಾಡುವಾಗಿನ ಭಾರಕ್ಕೆ ಹೊಲಿದವು. ಡಿಕ್ಕಿಯ ಬಲಕ್ಕೆ ಹೊಲಿಗೆ ಬಿಚ್ಚುತ್ತದೆ, ಇಲ್ಲವೇ ಮಗು ಜಾರಿ ಹೊರಬರುತ್ತದೆ.

ಮನೆಯಿಂದ ಎರಡು ಕಿಲೋಮೀಟರ್, ಅದೂ ನಿಧಾನ. ಅಷ್ಟಕ್ಕೂ ಬೇಕಾ?

ಬೇಕು. 30 ಕಿ.ಮೀ. ವೇಗ ಕೂಡ ಮೂರೂವರೆ ಮೀಟರ್ ಎತ್ತರದಿಂದ ಬಿದ್ದಷ್ಟು. ನೀವು ನಿಧಾನವಾಗಿ ಹೋದರೂ ಎದುರಿನವರು ಹಾಗೆ ಬರುತ್ತಾರೆ ಎನ್ನುವಂತಿಲ್ಲ.

ಸೀಟಿನ ಮುಖ ಹಿಂದಕ್ಕೇ ಏಕಿರಬೇಕು? ಎಷ್ಟು ಕಾಲ?

ಹುಟ್ಟಿದ ಮಗುವಿನ ತಲೆ ಅದರ ದೇಹದ ಉದ್ದದಲ್ಲಿ ಸುಮಾರು ಕಾಲು ಭಾಗ. ದೊಡ್ಡವರಲ್ಲಿ ಅದು ಸುಮಾರು ಎಂಟನೇ ಒಂದು ಭಾಗ. ಇಷ್ಟು ದೊಡ್ಡ ತಲೆಯನ್ನು ಹೊತ್ತಿರುವ ಕತ್ತಿನಲ್ಲಿ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಪ್ರತಿ ಕಶೇರುಕವೂ, ಅಂದರೆ ಬೆನ್ನೆಲುಬಿನ ಮಣಿಯೂ, ಮೃದ್ವಸ್ಥಿಯಿಂದ (ಮೆದು ಎಲುಬಿನಿಂದ) ಕೂಡಿಕೊಂಡ ತುಣುಕುಗಳಾಗಿರುತ್ತದೆ, ಅವು ಒಂದಾಗಲು ವರ್ಷಗಳೇ ಬೇಕು. ಮಗು ಮುಂದಕ್ಕೆ ಮುಖ ಮಾಡಿದ್ದರೆ, ಡಿಕ್ಕಿಯಲ್ಲಿ ಮಗುವಿನ ಸೀಟಿನ ಪಟ್ಟಿಗಳು ಮುಂಡವನ್ನು ಹಿಡಿದು ನಿಲ್ಲಿಸುತ್ತವೆ, ತಲೆ ಮಾತ್ರ ಮುಂದಕ್ಕೆ ಎಗರುತ್ತದೆ. ಆ ಎಳೆತವೆಲ್ಲ ಎಳೆಯ ಕತ್ತಿನ ಮೇಲೆ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೇ ಸೀಟಿನ ಚಿಪ್ಪಿಗೆ ಒರಗುತ್ತವೆ; ಬಲ ಇಡೀ ಬೆನ್ನಿಗೆ ಹಂಚಿಹೋಗುತ್ತದೆ.

ಈ ಯೋಚನೆ ಹುಟ್ಟಿದ್ದು ಸ್ವೀಡನ್ನಿನಲ್ಲಿ, 1960ರ ದಶಕದಲ್ಲಿ. ಗಗನಯಾತ್ರಿಗಳು ಉಡಾವಣೆಯ ಹೊತ್ತಿನಲ್ಲಿ ಬೆನ್ನ ಮೇಲೆ ಮಲಗಿರುವುದನ್ನು ಕಂಡ ಬರ್ಟಿಲ್ ಆಲ್ಡ್‌ಮನ್ ಎಂಬ ಸಂಶೋಧಕರು, ಮಕ್ಕಳ ಬೆನ್ನೂ ಹಾಗೆಯೇ ಬಲ ತಡೆಯಲಿ ಎಂದು ಹಿಂದಕ್ಕೆ ಮುಖ ಮಾಡಿದ ಸೀಟಿನ ಕಲ್ಪನೆ ಕೊಟ್ಟರು. ಮೊದಲ ಮಾದರಿಯನ್ನು 1964ರಲ್ಲಿ ವೋಲ್ವೊ ಕಾರಿನಲ್ಲಿ ಪರೀಕ್ಷಿಸಲಾಯಿತು. ಆ ದೇಶದಲ್ಲಿ ಇಂದಿಗೂ ನಾಲ್ಕು ವರ್ಷದ ಹತ್ತಿರದವರೆಗೆ ಮಕ್ಕಳನ್ನು ಹಿಂದಕ್ಕೆ ಮುಖ ಮಾಡಿಯೇ ಕೂರಿಸುವುದು ರೂಢಿ.

ವಿಶ್ವಸಂಸ್ಥೆಯ ವಾಹನ ನಿಯಮ ಆರ್129, ಅಂದರೆ ಸೀಟುಗಳ ಮೇಲೆ ‘ಐ-ಸೈಜ್’ ಎಂದು ಕಾಣುವ ಮಾನದಂಡ, 2013ರಲ್ಲಿ ಜಾರಿಗೆ ಬಂತು. ಇದರ ಪ್ರಕಾರ 15 ತಿಂಗಳು ಮೀರುವ ತನಕ ಮುಂದಕ್ಕೆ ಮುಖ ಮಾಡುವಂತಿಲ್ಲ. ಅದಕ್ಕೂ ಹಿಂದಿನ ಆರ್44 ಮಾನದಂಡ ತೂಕ ನೋಡಿ, ಒಂಬತ್ತು ಕೆ.ಜಿ.ಗೇ ಮುಂದಕ್ಕೆ ತಿರುಗಿಸಲು ಬಿಡುತ್ತಿತ್ತು. ಮೈತುಂಬಿಕೊಂಡ ಮಗು ವರ್ಷ ತುಂಬುವ ಮೊದಲೇ ಆ ತೂಕ ಮುಟ್ಟುತ್ತದೆ, ಆದರೆ ಕತ್ತು ತೂಕ ನೋಡಿ ಗಟ್ಟಿಯಾಗುವುದಿಲ್ಲವಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2018ರಲ್ಲಿ ತನ್ನ ಸಲಹೆಯಿಂದ ಎರಡು ವರ್ಷ ಎಂಬ ಗಡಿಯನ್ನೇ ತೆಗೆದು, ಸೀಟಿನ ಮೇಲೆ ಬರೆದಿರುವ ಗರಿಷ್ಠ ತೂಕ ಅಥವಾ ಎತ್ತರ ಮುಟ್ಟುವವರೆಗೂ ಹಿಂದಕ್ಕೇ ಇರಲಿ ಎಂದಿತು. ನನಗೆ ಒಪ್ಪಿಗೆಯಾಗುವುದೂ ಇದೇ. ವಯಸ್ಸಿನ ಹುಟ್ಟುಹಬ್ಬ ನೋಡಿ ಸೀಟು ತಿರುಗಿಸಬೇಡಿ.

ಕಾಲು ಮಡಚಿಕೊಂಡು ಕೂರುತ್ತದಲ್ಲ, ನೋವಾಗುವುದಿಲ್ಲವೇ?

ಇಲ್ಲ. ಮಕ್ಕಳು ನೆಲದ ಮೇಲೂ ಹಾಗೆಯೇ ಕೂರುತ್ತಾರೆ. ಕಾಲು ಸೀಟಿನ ಬೆನ್ನಿಗೆ ತಾಗುವುದು ಸೀಟು ಚಿಕ್ಕದಾಯಿತು ಎಂಬುದರ ಗುರುತಲ್ಲ. ತಲೆಯ ನೆತ್ತಿಗೂ ಸೀಟಿನ ಚಿಪ್ಪಿನ ಮೇಲಂಚಿಗೂ ನಡುವೆ ಎರಡೂವರೆ ಸೆಂ.ಮೀ. ಕೂಡ ಉಳಿದಿಲ್ಲ ಎಂದಾಗ ದೊಡ್ಡ ಸೀಟಿಗೆ ಹೋಗಿ. ನಿಮ್ಮ ಸೀಟಿನ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ.

ನಾನೊಬ್ಬಳೇ ಓಡಿಸುವಾಗ ಮಗುವನ್ನು ಮುಂದಿನ ಸೀಟಿನಲ್ಲಿ ಪಕ್ಕದಲ್ಲೇ ಇಟ್ಟುಕೊಳ್ಳಬಹುದೇ?

ಆ ಸೀಟಿನ ಎದುರು ಏರ್‌ಬ್ಯಾಗ್ ಚಾಲೂ ಇದ್ದರೆ ಖಂಡಿತ ಕೂಡದು. ಇದರಲ್ಲಿ ವಿನಾಯಿತಿಯೇ ಇಲ್ಲ. ಹಿಂದಕ್ಕೆ ಮುಖ ಮಾಡಿದ ಸೀಟಿನ ಬೆನ್ನು ಡ್ಯಾಶ್‌ಬೋರ್ಡಿಗೆ ಹತ್ತಿರ ಇರುತ್ತದೆ, ಅಂದರೆ ಮಗುವಿನ ತಲೆಯೂ ಅಲ್ಲೇ. ಕಣ್ಣು ಮಿಟುಕಿಸುವುದರೊಳಗೆ ಸಿಡಿದು ಅರಳುವ ಚೀಲ ನೇರ ಆ ಬೆನ್ನಿಗೆ ಹೊಡೆಯುತ್ತದೆ. ದೊಡ್ಡವರನ್ನು ಉಳಿಸುವ ಆ ಚೀಲವೇ ಮಗುವಿನ ಜೀವ ತೆಗೆಯಬಲ್ಲದು, ಕಾರು ಸಾವಕಾಶವಾಗಿ ಗುದ್ದಿದ್ದರೂ ಸಹ. ಸೂರ್ಯತಡೆಯ ಹಲಗೆಯ ಮೇಲೆ ಅಡ್ಡಗೆರೆ ಎಳೆದ ಮಗುವಿನ ಚಿತ್ರ ಇರುವುದು ಇದಕ್ಕೇ.

ಕೆಲವು ಕಾರುಗಳಲ್ಲಿ ಆ ಏರ್‌ಬ್ಯಾಗನ್ನು ಕೀಲಿಯಿಂದ ಆರಿಸಬಹುದು. ಹಿಂದಿನ ಸೀಟೇ ಇಲ್ಲದ ಗಾಡಿಯಲ್ಲಿ ಅದೊಂದೇ ದಾರಿ: ಆರಿಸಿ, ಆರಿದೆ ಎಂಬ ದೀಪ ಉರಿಯುತ್ತಿದೆಯೇ ನೋಡಿ, ಸೀಟನ್ನು ಆದಷ್ಟು ಹಿಂದಕ್ಕೆ ತಳ್ಳಿ ಕಟ್ಟಿ. ಹಿಂದಿನ ಸೀಟಿರುವ ಗಾಡಿಯಲ್ಲಿ ಈ ಸಾಹಸ ಬೇಡ. ಮುಖ ಕಾಣುತ್ತಿರಲಿ ಎಂಬುದು ಮಗುವಿನ ಅಗತ್ಯಕ್ಕಿಂತ ನಮ್ಮ ಸಮಾಧಾನ, ಮತ್ತು ಪಕ್ಕದಲ್ಲೇ ಇದ್ದರೆ ರಸ್ತೆ ಬಿಟ್ಟು ಅತ್ತಲೇ ಕಣ್ಣು ಹೋಗುತ್ತದೆ.

ಹಿಂದಿನ ಸಾಲಿನಲ್ಲಿ ಯಾವ ಜಾಗ ಒಳ್ಳೆಯದು?

ಪಕ್ಕದಿಂದ ಬಂದು ಗುದ್ದುವ ಗಾಡಿಗೆ ದೂರ ಎನ್ನುವ ಕಾರಣಕ್ಕೆ ನಡುವಿನ ಜಾಗ ಒಳ್ಳೆಯದು ಎನ್ನುತ್ತಾರೆ. ಮಾತು ಸರಿ, ಆದರೆ ಅಲ್ಲಿ ಸೀಟು ಬಿಗಿಯಾಗಿ ಕೂತರೆ ಮಾತ್ರ. ಬಹಳಷ್ಟು ಕಾರುಗಳಲ್ಲಿ ನಡುವಿನ ಜಾಗ ಉಬ್ಬಿಕೊಂಡಿರುತ್ತದೆ, ಐಸೋಫಿಕ್ಸ್ ಕೊಂಡಿಗಳು (ಮಗುವಿನ ಸೀಟು ಕಚ್ಚಿಕೊಳ್ಳಲು ಕಾರಿನಲ್ಲೇ ಇರುವ ಉಕ್ಕಿನ ಸರಳುಗಳು) ಇರುವುದಿಲ್ಲ, ಹಳೆಯ ಗಾಡಿಯಾದರೆ ಸೊಂಟದ ಪಟ್ಟಿ ಮಾತ್ರ ಇರುತ್ತದೆ. ನಡುವೆ ಅಲುಗಾಡುವ ಸೀಟಿಗಿಂತ ಬದಿಯಲ್ಲಿ ಅಲುಗದ ಸೀಟು ಮೇಲು. ಬದಿಯಲ್ಲೇ ಆದರೆ ರಸ್ತೆಯ ಅಂಚಿನ ಕಡೆ ಇರಲಿ. ಗಾಡಿ ನಿಲ್ಲಿಸಿದಾಗ ಬೇರೆ ವಾಹನಗಳು ಓಡಾಡುವ ಕಡೆಗೆ ಬೆನ್ನು ಹಾಕಿ ನಿಂತು ಮಗುವನ್ನು ಇಳಿಸುವುದು ತಪ್ಪುತ್ತದೆ.

ಅವಳಿ ಮಕ್ಕಳು, ಜೊತೆಗೆ ಒಬ್ಬ ದೊಡ್ಡ ಮಗ. ಮೂರು ಸೀಟು ಒಂದೇ ಸಾಲಿನಲ್ಲಿ ಹಿಡಿಯುತ್ತವೆಯೇ?

ಮೂರು 44ಗಳು ಸೇರಿದರೆ 132 ಸೆಂ.ಮೀ. ಸಣ್ಣ ಕಾರಿನ ಹಿಂದಿನ ಸಾಲಿನಲ್ಲಿ, ಬಾಗಿಲಿನ ಉಬ್ಬುಗಳನ್ನು ಬಿಟ್ಟರೆ, ಅಷ್ಟು ಅಗಲ ಸಿಗುವುದು ಕಷ್ಟ. ಕಿರಿದಾದ ಸೀಟುಗಳನ್ನು ಹುಡುಕಿದರೆ ಹಿಡಿಸಬಹುದು. ಎರಡು ಹಿಂದಕ್ಕೆ, ಒಂದು ಮುಂದಕ್ಕೆ ಮುಖ ಮಾಡಿದ್ದರೆ ಭುಜದ ಭಾಗಗಳು ಒಂದಕ್ಕೊಂದು ತಾಗದೆ ಸ್ವಲ್ಪ ಅನುಕೂಲವೂ ಆಗುತ್ತದೆ. ಕೊಳ್ಳುವ ಮೊದಲು ಟೇಪು ಹಿಡಿದು ಅಳೆಯಿರಿ, ಆದರೆ ಅಳತೆಯನ್ನೇ ನಂಬಬೇಡಿ. ಮೂರನ್ನೂ ನಿಮ್ಮದೇ ಕಾರಿನಲ್ಲಿ ಇಟ್ಟು ನೋಡಿದರಷ್ಟೇ ಖಚಿತ. ಪ್ರತಿಯೊಂದೂ ಸ್ವತಂತ್ರವಾಗಿ ಬಿಗಿಯಾಗಿರಬೇಕು, ಪಕ್ಕದ ಸೀಟಿನ ಒತ್ತಡದಿಂದ ನಿಂತಿರಬಾರದು. ಆಗದಿದ್ದರೆ, ಮೂವರಲ್ಲಿ ದೊಡ್ಡವನು ಮುಂದಿನ ಸೀಟಿಗೆ ಹೋಗಲು ಸ್ಥಳೀಯ ಕಾನೂನು ಬಿಡುತ್ತದೆಯೇ ನೋಡಿ. ಮುಂದೆ ಹೋಗುವುದಾದರೆ ಅವನೇ, ಕೂಸುಗಳಲ್ಲ.

ಏಳು ಸೀಟಿನ ಗಾಡಿ ತೆಗೆದುಕೊಂಡರೆ ಸಮಸ್ಯೆ ಮುಗಿಯಿತಲ್ಲ?

ಅರ್ಧ ಮುಗಿಯುತ್ತದೆ. ಮೂರನೇ ಸಾಲಿಗೆ ಹೋಗಲು ಎರಡನೇ ಸಾಲಿನ ಸೀಟು ಮಡಚಬೇಕು. ಅಲ್ಲಿ ಮಗುವಿನ ಸೀಟು ಕಟ್ಟಿದ್ದರೆ ಮಡಚಲಾಗದು. ಹಿಂದೆ ಕೂತವರು ಇಳಿಯುವ ದಾರಿ ಉಳಿದ ಒಂದೇ ಬದಿ. ಹಾಗಾಗಿ ಯಾವ ಬದಿ ಮಡಚುತ್ತದೆ ಎಂದು ನೋಡಿ ಅದರ ಎದುರು ಬದಿಗೆ ಮಗುವಿನ ಸೀಟು ಹಾಕಿ. ಮೂರನೇ ಸಾಲಿನಲ್ಲಿ ಐಸೋಫಿಕ್ಸ್ ಇರುವುದು ಅಪರೂಪ, ಹಿಂಬದಿಯ ಗಾಜೂ ಹತ್ತಿರ. ಕೂಸು ಎರಡನೇ ಸಾಲಿನಲ್ಲೇ ಇರಲಿ, ಚಿಕ್ಕಪ್ಪಂದಿರು ಹಿಂದೆ ಹೋಗಲಿ.

ಒಂದಕ್ಕೊಂದು ಎದುರಾಗಿ, ಪಕ್ಕಕ್ಕೆ ಮುಖ ಮಾಡಿ ಕೂರುವ ಬೆಂಚು ಸೀಟುಗಳ ಮೇಲೆ ಯಾವ ಮಗುವಿನ ಸೀಟನ್ನೂ ಕಟ್ಟುವಂತಿಲ್ಲ. ಸಾಮಾನಿಡುವ ಜಾಗದಲ್ಲಿ ಹಾಸಿಗೆ ಹಾಸಿ ಮಕ್ಕಳನ್ನು ಮಲಗಿಸುವುದರ ಬಗ್ಗೆ ಹೇಳಬೇಕಾದ್ದು ಇಷ್ಟೇ: ಹಿಂದಿನಿಂದ ಗುದ್ದಿದಾಗ ನುಜ್ಜಾಗಲೆಂದೇ ಮಾಡಿಟ್ಟ ಭಾಗ ಅದು.

ಐಸೋಫಿಕ್ಸ್ ಇಲ್ಲದ ಹಳೆಯ ಕಾರಿನಲ್ಲಿ ಸೀಟು ಕಟ್ಟಬಹುದೇ?

ಕಟ್ಟಬಹುದು. ಮೂರು ಕಡೆ ಹಿಡಿಯುವ, ಅಂದರೆ ಸೊಂಟ ಮತ್ತು ಭುಜ ಎರಡನ್ನೂ ಬಳಸುವ ಸೀಟ್‌ಬೆಲ್ಟ್ ಇದ್ದರೆ ಅದಕ್ಕೆ ಹೊಂದುವ ಮಕ್ಕಳ ಸೀಟುಗಳು ಸಾಕಷ್ಟಿವೆ. ಐಸೋಫಿಕ್ಸ್ ಎಂದರೆ ಸೀಟಿನ ಸಂದಿಯಲ್ಲಿ 28 ಸೆಂ.ಮೀ. ಅಂತರದಲ್ಲಿರುವ ಎರಡು ಉಕ್ಕಿನ ಸರಳುಗಳು. ಮಗುವಿನ ಸೀಟು ಅವಕ್ಕೆ ಕಚ್ಚಿಕೊಳ್ಳುತ್ತದೆ. ಅದರ ದೊಡ್ಡ ಗುಣ ತಪ್ಪು ಮಾಡುವ ಅವಕಾಶ ಕಡಿಮೆ ಮಾಡುವುದು. ಬೆಲ್ಟಿನಿಂದ ಸರಿಯಾಗಿ ಕಟ್ಟಿದ ಸೀಟೇನೂ ಕಡಿಮೆಯಲ್ಲ, ಆದರೆ ಸರಿಯಾಗಿ ಕಟ್ಟಲು ತಾಳ್ಮೆ ಬೇಕು. ಕೈಪಿಡಿ ಹೇಳದ ಹೊರತು ಎರಡನ್ನೂ ಒಟ್ಟಿಗೆ ಬಳಸಬೇಡಿ.

ಕಟ್ಟಿದ ಮೇಲೆ ಬೆಲ್ಟ್ ಹಾಯುವ ಕಡೆ ಸೀಟನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿ. ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಸರಿದರೆ ಬಿಚ್ಚಿ ಮತ್ತೆ ಕಟ್ಟಿ. ನೆಲಕ್ಕೆ ಊರುವ ಕಾಲು ಇರುವ ಸೀಟಾದರೆ, ಆ ಕಾಲು ಗಟ್ಟಿ ನೆಲದ ಮೇಲೆ ನಿಲ್ಲಬೇಕು. ಕೆಲವು ಕಾರುಗಳ ಪಾದದ ಬಳಿ ಮುಚ್ಚಳವಿರುವ ಪೆಟ್ಟಿಗೆ ಇರುತ್ತದೆ, ಅದರ ಮೇಲೆ ನಿಲ್ಲಿಸಿದರೆ ಮುಚ್ಚಳ ಕುಸಿಯುತ್ತದೆ.

ಪಟ್ಟಿ ಎಷ್ಟು ಬಿಗಿ ಇರಬೇಕು? ಮಗುವಿಗೆ ಹಿಂಸೆಯಾಗುತ್ತದೆಯೇನೋ ಅನಿಸುತ್ತದೆ.

ಭುಜದ ಮೇಲೆ ಪಟ್ಟಿಯನ್ನು ಎರಡು ಬೆರಳಿನಿಂದ ಚಿವುಟಿ ಮಡಿಕೆ ಮಾಡಲು ನೋಡಿ. ಮಡಿಕೆ ಸಿಕ್ಕರೆ ಸಡಿಲ, ಬೆರಳು ಜಾರಿಹೋದರೆ ಸರಿ. ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲಿ ಪಟ್ಟಿ ಹೊರಬರುವ ತೂತು ಮಗುವಿನ ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಕೆಳಗಿರಬೇಕು, ಮೇಲಲ್ಲ. ಎದೆಯ ಮೇಲೆ ಕ್ಲಿಪ್ ಇದ್ದರೆ ಕಂಕುಳ ಮಟ್ಟಕ್ಕೆ ತನ್ನಿ. ಸಡಿಲ ಪಟ್ಟಿ ಮಗುವಿಗೆ ಹಿತ ಅನಿಸುವುದು ನಿಮ್ಮ ಊಹೆ. ಮಕ್ಕಳಿಗೆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿಸಿಕೊಂಡು ಮಲಗುವುದೇ ಇಷ್ಟವಲ್ಲವೇ?

ಚಳಿಗೆ ದಪ್ಪ ಕೋಟು ಹಾಕಿಸಿ ಕೂರಿಸಬಹುದೇ? ದಿಂಬು, ಮೆತ್ತೆ?

ಹತ್ತಿ ತುಂಬಿದ ದಪ್ಪ ಉಡುಪಿನ ಮೇಲೆ ಪಟ್ಟಿ ಬಿಗಿಯಾಗಿ ಕಂಡರೂ ಡಿಕ್ಕಿಯಲ್ಲಿ ಉಡುಪು ಅಪ್ಪಚ್ಚಿಯಾಗಿ ಪಟ್ಟಿ ಸಡಿಲಾಗುತ್ತದೆ, ಮಗು ಜಾರುತ್ತದೆ. ತೆಳುವಾದ ಬಟ್ಟೆಯಲ್ಲಿ ಕೂರಿಸಿ, ಪಟ್ಟಿ ಕಟ್ಟಿ, ಆಮೇಲೆ ಮೇಲಿನಿಂದ ಹೊದಿಕೆ ಹೊದಿಸಿ. ಮುಖ ಮುಚ್ಚಬೇಡಿ. ಸೀಟಿನ ಜೊತೆ ಬಾರದ ಮೆತ್ತೆ, ತಲೆದಿಂಬು, ಪಟ್ಟಿಯ ಕವಚ ಯಾವುದೂ ಬೇಡ. ಅವು ಆ ಸೀಟಿನ ಜೊತೆ ಪರೀಕ್ಷೆಯಾದವಲ್ಲ. ಹುಟ್ಟಿದ ಕೂಸಿನ ತಲೆ ಅತ್ತಿತ್ತ ವಾಲಿದರೆ, ಕಟ್ಟಿದ ಮೇಲೆ ಎರಡೂ ಬದಿಗೆ ಸುರುಳಿ ಸುತ್ತಿದ ಮೆತ್ತನೆ ಬಟ್ಟೆ ಇಡಬಹುದು. ಬೆನ್ನ ಹಿಂದೆ, ತಲೆಯ ಹಿಂದೆ ಏನನ್ನೂ ಇಡಬೇಡಿ.

ಸೀಟಿನಲ್ಲೇ ನಿದ್ದೆ ಹೋದರೆ ಬಿಡಬಹುದೇ? ಎಷ್ಟು ಹೊತ್ತು ಪ್ರಯಾಣ ಮಾಡಬಹುದು?

ಗಾಡಿ ಓಡುವಾಗ ನಿದ್ದೆ ಹೋಗುವುದು ಸಹಜ. ನೋಡಬೇಕಾದ್ದು ಗಲ್ಲವನ್ನು. ಹಸುಗೂಸಿಗೆ ಕತ್ತು ನಿಲ್ಲದ ಕಾರಣ ಸೀಟು ತೀರ ನೆಟ್ಟಗಿದ್ದರೆ ತಲೆ ಮುಂದಕ್ಕೆ ಬಿದ್ದು ಗಲ್ಲ ಎದೆಗೆ ಒತ್ತುತ್ತದೆ, ಎಳೆಯ ಉಸಿರ್ನಾಳ ಮಡಚಿಕೊಳ್ಳುತ್ತದೆ. ಸದ್ದೇ ಇಲ್ಲದೆ ಉಸಿರು ಕಟ್ಟಬಹುದು. ಅದಕ್ಕೇ ಹೊಸ ಕೂಸಿನ ಸೀಟು ಸುಮಾರು 45 ಡಿಗ್ರಿ ಒರಗಿರಬೇಕು. ಸೀಟಿನ ಬದಿಯಲ್ಲಿರುವ ಮಟ್ಟದ ಗುರುತು ನೋಡಿ ಹೊಂದಿಸಿ.

ದೂರದ ದಾರಿಯಲ್ಲಿ ಎರಡು ಗಂಟೆ ದಾಟದಂತೆ ನಿಲ್ಲಿಸಿ, ಮಗುವನ್ನು ಹೊರತೆಗೆದು, ಮಲಗಿಸಿ, ಕೈಕಾಲು ಆಡಿಸಲು ಬಿಡಿ. ಮೊದಲ ಕೆಲವು ವಾರಗಳಲ್ಲಿ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ನೋಡುವುದೇ ಒಳ್ಳೆಯದು, ಮತ್ತು ಹಿಂದಿನ ಸಾಲಿನಲ್ಲಿ ಮಗುವಿನ ಪಕ್ಕ ದೊಡ್ಡವರೊಬ್ಬರು ಇರಲಿ. ಎಣಿಕೆ ಮಾಡುವಾಗ ಈ ಒಬ್ಬರ ಜಾಗವನ್ನೂ ಮೊದಲೇ ಹಿಡಿದಿಡಿ.

37 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಿಷಯ ಬೇರೆ. ಅವರನ್ನು ಮನೆಗೆ ಕಳಿಸುವ ಮೊದಲು ಕೆಲವು ಆಸ್ಪತ್ರೆಗಳಲ್ಲಿ ಅವರದೇ ಸೀಟಿನಲ್ಲಿ ಒಂದೂವರೆ ಗಂಟೆಯಿಂದ ಎರಡು ಗಂಟೆ ಕೂರಿಸಿ, ಉಸಿರು, ಎದೆಬಡಿತ, ರಕ್ತದ ಆಮ್ಲಜನಕ ನೋಡುತ್ತಾರೆ. ನೀವಾಗಿ ಕೇಳಿ ಮಾಡಿಸಿಕೊಳ್ಳಿ. ಕೂತಾಗ ಉಸಿರು ಇಳಿಯುವ ಮಕ್ಕಳಿಗೆ ಮಲಗಿಸಿಕೊಂಡು ಒಯ್ಯುವ ಪ್ರತ್ಯೇಕ ಕಾರ್ ಬೆಡ್ ಬರುತ್ತದೆ.

ಊರು ತಲುಪಿದ ಮೇಲೆ ಸೀಟಿನ ಸಮೇತ ಎತ್ತಿ ಒಳಗಿಟ್ಟು ‘ಮಲಗಿದೆ, ಎಬ್ಬಿಸಬೇಡ’ ಎನ್ನುವುದು ಎಲ್ಲ ಮನೆಯಲ್ಲೂ ನಡೆಯುವಂಥದ್ದು. ಬೇಡ. ನೆಲದ ಮೇಲೆ ಸೀಟಿನ ಓರೆ ಬದಲಾಗುತ್ತದೆ. ತೆಗೆದು ಸಪಾಟು ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ಎದ್ದು ಅತ್ತರೆ ಅಳಲಿ.

ದಾರಿಯಲ್ಲಿ ಹಸಿದು ಅತ್ತರೆ, ಓಡುವ ಗಾಡಿಯಲ್ಲೇ ಹಾಲು ಕೊಡಬಹುದೇ?

ಗಾಡಿ ನಿಲ್ಲಿಸಿ ಕೊಡಿ. ಅಪಘಾತವಾಗಲು ಐದು ನಿಮಿಷಕ್ಕೆಂದು ಪಟ್ಟಿ ಬಿಚ್ಚಿದ ಹೊತ್ತೇ ಸಾಕು. ಬಾಟಲಿಯಾದರೂ ಅಷ್ಟೇ, ಒರಗಿದ ಭಂಗಿಯಲ್ಲಿ ಗಾಡಿ ಎಗರಿದಾಗ ಹಾಲು ನೆತ್ತಿಗೇರುತ್ತದೆ. ಪ್ರಯಾಣದ ಸಮಯ ಲೆಕ್ಕ ಹಾಕುವಾಗಲೇ ಹಾಲೂಡುವ, ಬಟ್ಟೆ ಬದಲಿಸುವ ನಿಲುಗಡೆಗಳನ್ನು ಸೇರಿಸಿಬಿಟ್ಟರೆ ಚಾಲಕರು ಚಡಪಡಿಸುವುದು ತಪ್ಪುತ್ತದೆ.

ಸಾಮಾನು ಎಷ್ಟು ಹಾಕಬಹುದು?

ಮಿತಿ ತಲೆಗಳದ್ದು ಮಾತ್ರವಲ್ಲ, ತೂಕದ್ದೂ ಇದೆ. ಕಾರಿನ ಕೈಪಿಡಿಯಲ್ಲಿ ಒಟ್ಟು ಎಷ್ಟು ಭಾರ ಹೊರಬಹುದು ಎಂದು ಬರೆದಿರುತ್ತದೆ. ಜನ, ಮಗುವಿನ ಸೀಟು, ಸಾಮಾನು ಎಲ್ಲ ಸೇರಿ ಅದರೊಳಗೆ ಬರಬೇಕು. ಕೆಲವು ಮಕ್ಕಳ ಸೀಟುಗಳೇ ಹತ್ತು ಕೆ.ಜಿ. ದಾಟುತ್ತವೆ. ಭಾರ ಹೆಚ್ಚಾದರೆ ಬ್ರೇಕ್ ಹಾಕಿದ ಮೇಲೆ ನಿಲ್ಲಲು ದೂರ ಹೆಚ್ಚು ಬೇಕು, ಟೈರು ಬಿಸಿಯಾಗುತ್ತದೆ. ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿ ನೋಡಿ ಪೂರ್ತಿ ಭಾರಕ್ಕೆ ಹೇಳಿದಷ್ಟು ಗಾಳಿ ತುಂಬಿಸಿ.

ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ಏನನ್ನೂ ಇಡಬೇಡಿ. ನೀರಿನ ಬಾಟಲಿ, ಫೋನು, ಗಟ್ಟಿ ಆಟಿಕೆ ಎಲ್ಲವೂ ಡಿಕ್ಕಿಯಲ್ಲಿ ಕಾರು ಓಡುತ್ತಿದ್ದ ವೇಗದಲ್ಲೇ ಹಾರುತ್ತವೆ, ಮತ್ತು ಹಿಂದಕ್ಕೆ ಮುಖ ಮಾಡಿ ಕೂತ ಮಗುವಿನ ಮುಖ ಅತ್ತಲೇ ಇರುತ್ತದೆ.

ಟ್ಯಾಕ್ಸಿಯಲ್ಲಿ ಹೋಗುವಾಗ?

ಟ್ಯಾಕ್ಸಿಗೆ ಕಾನೂನು ಸಡಿಲ ಇರುವ ದೇಶಗಳಿವೆ. ಬ್ರಿಟನ್ನಿನಲ್ಲಿ ಟ್ಯಾಕ್ಸಿಯವರ ಬಳಿ ತಕ್ಕ ಸೀಟು ಇಲ್ಲದಿದ್ದರೆ, ಮೂರು ವರ್ಷದೊಳಗಿನ ಮಗು ಹಿಂದಿನ ಸೀಟಿನಲ್ಲಿ ಏನೂ ಕಟ್ಟದೆ ಹೋಗಬಹುದು. ದಂಡ ಬೀಳುವುದಿಲ್ಲ ಎಂಬುದಷ್ಟೇ ಅದರ ಅರ್ಥ. ಹಿಡಿಕೆಯಿರುವ ಹಗುರ ಸೀಟುಗಳಲ್ಲಿ ಬಹುಪಾಲನ್ನು ಬರಿಯ ಬೆಲ್ಟಿನಿಂದ ಒಂದೆರಡು ನಿಮಿಷದಲ್ಲಿ ಕಟ್ಟಬಹುದು. ಮನೆಯಲ್ಲೇ ಒಮ್ಮೆ ಕೈಪಳಗಿಸಿಕೊಂಡರೆ ಚಾಲಕರ ಅವಸರಕ್ಕೆ ಕೈ ನಡುಗದು.

ಯಾರೋ ಬಳಸಿದ ಸೀಟು ಕೊಡುತ್ತೇನೆ ಅನ್ನುತ್ತಿದ್ದಾರೆ. ತೆಗೆದುಕೊಳ್ಳಲೇ?

ಅದರ ಪೂರ್ತಿ ಚರಿತ್ರೆ ಗೊತ್ತಿರುವ ಅಕ್ಕನೋ ಸ್ನೇಹಿತರೋ ಕೊಟ್ಟರೆ ತೆಗೆದುಕೊಳ್ಳಿ. ಡಿಕ್ಕಿ ಕಂಡಿರಬಾರದು, ಚಿಪ್ಪಿನ ಮೇಲೆ ತಯಾರಿಸಿದ ದಿನ ಮತ್ತು ಮಾನದಂಡದ ಗುರುತು ಓದುವಂತಿರಬೇಕು, ಎಲ್ಲ ಭಾಗಗಳೂ ಕೈಪಿಡಿಯೂ ಇರಬೇಕು. ಬಿಸಿಲಿಗೆ, ಸೆಖೆಗೆ ಪ್ಲಾಸ್ಟಿಕ್ ಹಳತಾಗುತ್ತದೆ. ಬಹುತೇಕ ತಯಾರಕರು ಆರರಿಂದ ಹತ್ತು ವರ್ಷದ ಅವಧಿ ಕೊಡುತ್ತಾರೆ. ಗುರುತು ಪರಿಚಯವಿಲ್ಲದವರ ಬಳಿ ಕೊಳ್ಳಬೇಡಿ.

ಮಗು ಮಲಗಿದೆ, ಎರಡೇ ನಿಮಿಷದ ಕೆಲಸ. ಕಾರಿನಲ್ಲೇ ಬಿಟ್ಟು ಹೋಗಬಹುದೇ?

ಬೇಡ. ಹೊರಗೆ 30 ಡಿಗ್ರಿ ಇದ್ದರೆ, ನಿಂತ ಕಾರಿನೊಳಗೆ ಹತ್ತು ನಿಮಿಷದಲ್ಲಿ ಸುಮಾರು 40, ಅರ್ಧ ಗಂಟೆಯಲ್ಲಿ 50ರ ಹತ್ತಿರ ಆಗುತ್ತದೆ. ಗಾಜು ಸ್ವಲ್ಪ ಇಳಿಸಿದ್ದರೂ ಹೆಚ್ಚು ವ್ಯತ್ಯಾಸವಾಗದು. ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಬೇಕೆಂದು ಬಿಡುವವರಿಗಿಂತ ಮರೆತು ಹೋಗುವವರೇ ಹೆಚ್ಚು. ಹಿಂದಕ್ಕೆ ಮುಖ ಮಾಡಿದ ಸೀಟಿನಲ್ಲಿ ಮಲಗಿದ ಮಗು ಚಾಲಕರ ಕಣ್ಣಿಗೆ ಬೀಳುವುದಿಲ್ಲ. ಕೈಚೀಲವನ್ನೋ ಒಂದು ಕಾಲಿನ ಚಪ್ಪಲಿಯನ್ನೋ ಮಗುವಿನ ಬಳಿ ನೆಲದಲ್ಲಿ ಇಟ್ಟರೆ, ಇಳಿಯುವಾಗ ಹಿಂದಿನ ಬಾಗಿಲು ತೆರೆಯಲೇಬೇಕಾಗುತ್ತದೆ.

ಹಿರಿಯರು ಒಪ್ಪುವುದೇ ಇಲ್ಲ. ‘ನಿಮ್ಮನ್ನೆಲ್ಲ ತೊಡೆ ಮೇಲೇ ಕೂರಿಸಿಕೊಂಡು ಹೋಗಿಲ್ಲವಾ’ ಅನ್ನುತ್ತಾರೆ. ಏನು ಹೇಳಲಿ?

ವಾದ ಮಾಡಿ ಗೆಲ್ಲುವುದು ಕಷ್ಟ, ಅದರಲ್ಲೂ ಎಲ್ಲರೂ ಹತ್ತಿ ಕೂತ ಮೇಲೆ. ಹೊರಡುವ ದಿನಕ್ಕೆ ಮೊದಲೇ ಯಾರು ಎಲ್ಲಿ ಎಂದು ತಿಳಿಸಿ. ಅಜ್ಜಿಗೆ ಮಗುವಿನ ಪಕ್ಕದ ಜಾಗವನ್ನೇ ಕೊಡಿ. ಕೈ ಹಿಡಿದುಕೊಳ್ಳುವ, ಗಲ್ಲ ನೋಡುವ ಕೆಲಸ ಅವರದು. ಸೀಟಿನಲ್ಲಿ ಕೂರುವ ಮಗು ಅಲ್ಲೇ ಒಗ್ಗಿಕೊಳ್ಳುತ್ತದೆ, ಒಮ್ಮೆ ಎತ್ತಿಕೊಂಡರೆ ಮುಂದಿನ ಸಲ ಎತ್ತಿಕೊಳ್ಳುವವರೆಗೂ ಅಳುತ್ತದೆ ಎಂದು ಹೇಳಿನೋಡಿ. ಅಪಘಾತದ ಮಾತಿಗಿಂತ ಇದು ಬೇಗ ನಾಟುತ್ತದೆ.

ಡಿಕ್ಕಿಯಾದರೆ ಮಗುವನ್ನು ತಕ್ಷಣ ಸೀಟಿನಿಂದ ತೆಗೆಯಬೇಕೇ?

ಹೊಗೆ, ಬೆಂಕಿ, ನೀರು, ಮತ್ತೊಂದು ಗಾಡಿ ಬಂದು ಗುದ್ದುವ ಭಯ ಇವು ಇಲ್ಲದಿದ್ದರೆ, ಉಸಿರಾಟ ಸರಿಯಿದ್ದರೆ, ಸೀಟಿನಲ್ಲೇ ಬಿಟ್ಟು ಸಹಾಯಕ್ಕೆ ಕರೆ ಮಾಡಿ. ಕತ್ತಿಗೆ ಪೆಟ್ಟಾಗಿದ್ದರೆ ಎತ್ತಿಕೊಳ್ಳುವುದರಿಂದ ಹೆಚ್ಚಾಗಬಹುದು. ಬಂದವರು ಬೇಕಿದ್ದರೆ ಸೀಟಿನ ಸಮೇತ ತೆಗೆಯುತ್ತಾರೆ. ಮಗು ನಗುತ್ತಿದ್ದರೂ ವೈದ್ಯರಿಗೆ ತೋರಿಸಿ. ಮಗುವಿನ ಹೆಸರು, ಹುಟ್ಟಿದ ದಿನ, ರಕ್ತದ ಗುಂಪು, ಕರೆ ಮಾಡಬೇಕಾದ ಸಂಖ್ಯೆ ಬರೆದ ಚೀಟಿಯನ್ನು ಸೀಟಿನ ಹಿಂಬದಿಗೆ ಅಂಟಿಸಿಟ್ಟಿರಿ, ದೊಡ್ಡವರಿಗೆ ಮಾತಾಡಲು ಆಗದ ಸ್ಥಿತಿಯಲ್ಲಿ ಅದೇ ಮಾತಾಡುತ್ತದೆ. ಗುದ್ದಿದ ಮೇಲೆ ಆ ಸೀಟು ಹೊರಗೆ ನೆಟ್ಟಗೆ ಕಂಡರೂ ಮತ್ತೆ ಬಳಸಬೇಡಿ. ಎಸೆಯುವ ಮೊದಲು ಪಟ್ಟಿಗಳನ್ನು ಕತ್ತರಿಸಿಹಾಕಿ, ಇನ್ಯಾರೋ ಎತ್ತಿಕೊಂಡು ಹೋಗಿ ತಮ್ಮ ಮಗುವನ್ನು ಕೂರಿಸದಿರಲಿ.